ಸಂಜೀವಣ್ಣನ ಬೇಲಿಯೊಳಗಿನ ಬೇಟೆ

ಸಂಜೀವಣ್ಣ ಮಾತಾಡುವಾಗ ನಮ್ಮ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಕತಾರಿನ ಅಲ್ ಖೋರ್‌ನಿಂದ ರಾಸ್ ಲಫಾನ್‌ಗೆ ನಮ್ಮನ್ನು ಒಯ್ಯುತ್ತಿದ್ದ ಕಂಪನಿ ಬಸ್ಸಿನ ಡ್ರೈವರ್ ಅವರು. ಸ್ಟಾಪಿನ ಮರಳನ್ನೊಮ್ಮೆ ನೋಡಿ, "ಇವತ್ತು ನಾಯರ್ ಬರ್ಲಿಕ್ಕಿಲ್ಲ, ನಿನ್ನೆಯೇ ಎಡಗಾಲು ಎಳೀತಿದ್ರು" ಎನ್ನುತ್ತಿದ್ದರು. ನಾಯರ್ ಬರುತ್ತಿರಲಿಲ್ಲ. ಪರಿಚಯವಾದ ದಿನವೇ ನನ್ನನ್ನು, "ಸಾರ್, ಬಲದ ಬೂಟಿನ ಹಿಮ್ಮಡಿ ಸವೆದಿದೆ, ಸೊಂಟನೋವು ಉಂಟಾ?" ಎಂದು ಕೇಳಿದ್ದರು. ಇತ್ತು, ಈಗಲೂ ಇದೆ.

ಈ ವಿದ್ಯೆ ಅವರಿಗೆ ಬಂದದ್ದು ಕಾಡುಹಂದಿಯಿಂದ. ಬೆಳ್ತಂಗಡಿಯ ಆಚೆ, ಘಟ್ಟದ ಬುಡದ ಊರು. ಪ್ರಾಯದಲ್ಲಿ ಗದ್ದೆಗೆ ನುಗ್ಗುವ ಹಂದಿಯ ಹೆಜ್ಜೆ ಹಿಡಿದು ಬೇಟೆಯ ತಂಡಕ್ಕೆ ದಾರಿ ತೋರಿಸುವುದು ಅವರ ಕೆಲಸವಾಗಿತ್ತು. ಕೋವಿ ಮುಟ್ಟಿದವರಲ್ಲ. ಆದರೆ ಅವರು ಹೇಳಿದ ಮೇಲೆಯೇ ಕೋವಿ ಏಳಬೇಕು. "ಮೂರು ಬದಿ ಸುತ್ತಬೇಕು ಸಾರ್, ಒಂದು ಬದಿ ಬಿಡ್ಬೇಕು. ಓಡಿ ತಪ್ಪಿಸಿಕೊಂಡ್ರೆ ಅದರ ಪುಣ್ಯ, ಸಿಕ್ಕಿದ್ರೆ ನಮ್ಮದು. ಮೂಲೆಗೆ ಸಿಕ್ಕಿದ್ದನ್ನು ಹೊಡೆಯುವವನು ನಮ್ಮಲ್ಲಿ ಎರಡನೇ ಸಲ ಬೇಟೆಗೆ ಬರ್ಲಿಕ್ಕಿಲ್ಲ." ಬಸ್ಸು ಓಡಿಸುತ್ತ ಇದನ್ನು ಎಷ್ಟು ಸಲ ಹೇಳಿದ್ದರೋ. ಹಿಂದಿನ ಸೀಟಿನವರು ನಿದ್ದೆ ಹೋಗುತ್ತಿದ್ದರು.

ಐವತ್ತು ದಾಟಿದ ಮೇಲೆ ಕಣ್ಣಿನ ಪರೀಕ್ಷೆಯಲ್ಲಿ ಫೇಲಾಗಿ ಬಸ್ಸು ಹೋಯಿತು. ವೀಸಾ ಹೋಗಲು ಒಂದೇ ತಿಂಗಳು. ಮಗಳ ನರ್ಸಿಂಗ್ ಓದು ಇನ್ನೆರಡು ವರ್ಷ ಬಾಕಿ. ಆಗ ಕೈಹಿಡಿದವನು ವಿಟ್ಲದ ಹಮೀದ್. ಒಬ್ಬ ಕತಾರಿ ಯಜಮಾನರ ತೋಟದಲ್ಲಿ ಅವನು ಅಡುಗೆಯವ. ತೋಟವೆಂದರೆ ಮರುಭೂಮಿಗೆ ಬೇಲಿ ಹಾಕಿ, ಚಿಗರೆಗಳನ್ನು ಸಾಕಿ, ಅತಿಥಿಗಳಿಂದ ಬೇಟೆಯಾಡಿಸುವ ಜಾಗ. ಹೆಜ್ಜೆ ಗೊತ್ತಿರುವ ಗೈಡ್ ಬೇಕಾಗಿತ್ತು. "ಎಲ್ಲ ಹೇಳಿ, ಹಂದಿ ಅಂತ ಮಾತ್ರ ಬಾಯಿಬಿಡ್ಬೇಡಿ ಮಾರಾಯ್ರೆ" ಎಂದು ಹಮೀದ್ ಎಚ್ಚರಿಸಿಯೇ ಕರೆದುಕೊಂಡು ಹೋದನಂತೆ.

ಕೆಲಸ ಸಿಕ್ಕಿತು. ಹೇಗಿದೆ ಎಂದು ಫೋನಿನಲ್ಲಿ ಕೇಳಿದೆ. "ಊರಲ್ಲಿ ಹಂದಿ ಒಳಗೆ ಬಾರದ ಹಾಗೆ ಬೇಲಿ ಹಾಕ್ತಿದ್ದೆವು. ಇಲ್ಲಿ ಹೊರಗೆ ಹೋಗದ ಹಾಗೆ ಹಾಕಿದ್ದಾರೆ. ಉಳಿದದ್ದೆಲ್ಲ ಅಡ್ಡಿಯಿಲ್ಲ" ಎಂದರು.

ನಮ್ಮ ಲೆಬನಾನಿನ ಮ್ಯಾನೇಜರ್ ಆ ಯಜಮಾನರ ಸ್ನೇಹಿತ. ಒಂದು ಶುಕ್ರವಾರ ಬೇಟೆಗೆ ಹೊರಟವನು, ಗೈಡ್ ಜತೆ ಮಾತಾಡಲು ಅನುಕೂಲವೆಂದು ನನ್ನನ್ನೂ ಕರೆದ. ಬೇಲಿಯೊಳಗೆ ಲೈಸೆನ್ಸ್ ಕೇಳುವವರಿಲ್ಲ, ಪಿಕಪ್ ಓಡಿಸುತ್ತಿದ್ದದ್ದು ಸಂಜೀವಣ್ಣನೇ. ಗಾಡಿ ನಿಲ್ಲಿಸಿ ಇಳಿದು, ಮರಳು ನೋಡಿ, "ಗಂಡು, ಒಂದೇ ಉಂಟು, ಈಗಷ್ಟೇ ಹೋದದ್ದು" ಎಂದರು. ಹತ್ತು ನಿಮಿಷದಲ್ಲಿ ಚಿಗರೆ ಕಂಡಿತು. ಗಾಡಿಯ ಸದ್ದಿಗೆ ಬೆದರಿ ಓಡಿ, ಎರಡು ಬೇಲಿ ಸೇರುವ ಮೂಲೆಯಲ್ಲಿ ಸಿಕ್ಕಿಬಿದ್ದು ನಡುಗುತ್ತ ನಿಂತಿತು.

ಮ್ಯಾನೇಜರ್ ಕೋವಿ ಎತ್ತಿದ. ಸಂಜೀವಣ್ಣ, "ಒಂದು ಮಿನಿಟ್ ಸಾರ್" ಎನ್ನುತ್ತ ಕೋವಿಗೆ ಅಡ್ಡವಾಗಿಯೇ ಮೂಲೆಯ ಕಡೆ ನಡೆದರು. ಅವರು ಬೇಲಿಯಂಚಿಗೆ ಹೋಗಿ ಚಪ್ಪಾಳೆ ತಟ್ಟಿದರು. ಚಿಗರೆ ನಮ್ಮ ಪಕ್ಕದಿಂದಲೇ ಹಾರಿ ಬಯಲಿಗೆ ಓಡಿತು. "ಈಗ ಹೊಡೀರಿ" ಎಂದರು. ಮ್ಯಾನೇಜರ್ ಎರಡು ಗುಂಡು ಹಾರಿಸಿದ, ಎರಡೂ ತಪ್ಪಿದವು. ಸಿಟ್ಟಿನಿಂದ ಅವನ ಮುಖ ಕೆಂಪಗಾಯಿತು.

ಅಂದು ಸಂಜೆಯೇ ತೋಟದ ಮನೆಯಲ್ಲಿ ಯಜಮಾನರಿಗೆ ದೂರು ಹೋಯಿತು, ನಾನೂ ಅಲ್ಲಿದ್ದೆ. ಯಜಮಾನರು ಚಹಾ ಕುಡಿಯುತ್ತ, ಹರಕು ಹಿಂದಿಯಲ್ಲಿ ಸಮಾಧಾನವಾಗಿಯೇ ವಿಚಾರಿಸಿದರು. ಊರಿನ ಕ್ರಮ ಎಂದರು ಸಂಜೀವಣ್ಣ. ಯಾವ ಪ್ರಾಣಿಗೆ ಈ ಕ್ರಮ ಎಂದು ಯಜಮಾನರು ಕೇಳಿದರು. ಹಮೀದ್ ಅಡುಗೆಮನೆಯ ಬಾಗಿಲಲ್ಲಿ ಕೈಸನ್ನೆ ಮಾಡುತ್ತಿದ್ದ. ನಾನು 'ಕಡವೆ' ಎಂದು ಹೇಳಿ ಪಾರುಮಾಡೋಣವೆಂದುಕೊಂಡೆ. ಅಷ್ಟರಲ್ಲಿ ಸಂಜೀವಣ್ಣ, "ಖಂಜೀರ್" ಎಂದುಬಿಟ್ಟರು. ಅರಬ್ಬಿಯಲ್ಲಿ ಹಂದಿಗೆ ಅದೇ ಹೆಸರು.

ಯಜಮಾನರು ಕಪ್ ಕೆಳಗಿಟ್ಟು, ಆಮೇಲೆ ನಕ್ಕರು. "ಖಂಜೀರಿಗೆ ದಾರಿ ಬಿಡ್ತೀಯ, ನನ್ನ ಅತಿಥಿಗೆ ಬಿಡೋದಿಲ್ಲ" ಎಂದರು. ಹಂದಿಯ ವಿಷಯ ಅಲ್ಲಿಗೆ ಖಲಾಸ್. ಆದರೆ ಷರತ್ತು ಹಾಕಿದರು: ಅತಿಥಿ ಎಲ್ಲಿ ಹೊಡೆಯಬೇಕೆನ್ನುತ್ತಾನೋ ಅಲ್ಲೇ ಹೊಡೆಯಲಿ. ಆಗದಿದ್ದರೆ ಊರಿಗೆ ಟಿಕೆಟ್ ತೆಗೆಸಿಕೊಡುತ್ತೇನೆ.

ಸಂಜೀವಣ್ಣ ನನ್ನ ಬೂಟು ನೋಡುತ್ತ ನಿಂತಿದ್ದರು. ನಾನೇ ಹೇಳಿದೆ, "ಎರಡು ವರ್ಷ ಸಂಜೀವಣ್ಣ. ಮಗಳದ್ದು ಮುಗಿಯಲಿ. ಹ್ಞೂಂ ಅನ್ನಿ." ಬೂಟಿನಿಂದ ಕಣ್ಣೆತ್ತದೆಯೇ ಹ್ಞೂಂ ಅಂದರು. ಒಳ್ಳೆಯ ಕೆಲಸ ಮಾಡಿದೆನೆಂದು ಆ ಹೊತ್ತಿಗೆ ನನಗೆ ಹೆಮ್ಮೆಯೇ ಆಗಿತ್ತು.

ಮುಂದಿನ ಚಳಿಗಾಲದಲ್ಲಿ ಮ್ಯಾನೇಜರ್ ಜತೆ ಮತ್ತೆ ಹೋದೆ. ಸಂಜೀವಣ್ಣ ಇಳಿಯಲಿಲ್ಲ, ಮರಳು ನೋಡಲಿಲ್ಲ. ಚಿಗರೆಯನ್ನು ಗಾಡಿಯಲ್ಲೇ ಅಟ್ಟಿಸಿಕೊಂಡು ಹೋಗಿ ಅದೇ ಮೂಲೆಗೆ ತಳ್ಳಿ, ಇಂಜಿನ್ ಆಫ್ ಮಾಡಿ, ಸ್ಟಿಯರಿಂಗ್ ಮೇಲೆ ಕೈಯಿಟ್ಟು ಕುಳಿತರು. ಒಂದೇ ಗುಂಡು. ಜೀವ ಹೋಗುವ ಮೊದಲು ಹಲಾಲ್ ಮಾಡಲು ಹಮೀದ್ ಚೂರಿ ಹಿಡಿದು ಓಡಿದ.

ಹೊರಡುವಾಗ ಹಮೀದ್ ಮಾಂಸವನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ಎಲ್ಲರಿಗೂ ಕೊಟ್ಟ. ಸಂಜೀವಣ್ಣ ಕೈ ಚಾಚಲಿಲ್ಲ. ತೆಗೆದುಕೊಳ್ಳಿ ಎಂದು ನಾನು ಒತ್ತಾಯಿಸಿದೆ.

"ನಮ್ಮಲ್ಲಿ ಬೇಟೆಗೆ ಹೋದವನಿಗೆಲ್ಲ ಪಾಲುಂಟು ಸಾರ್, ನಾಯಿಗೂ ಉಂಟು" ಎಂದರು. "ನಾನು ಬೇಟೆಗೆ ಬಂದವ ಅಲ್ಲ. ಗಾಡಿ ಬಿಡ್ಲಿಕ್ಕೆ ಬಂದವ."

ಅದೇ ಕೊನೆಯ ಭೇಟಿ. ಮಗಳ ಪರೀಕ್ಷೆ ಮುಗಿದ ವಾರವೇ ಅವರು ಊರಿಗೆ ಹೋದರೆಂದು ಹಮೀದ್ ತಿಳಿಸಿದ. ನನಗೆ ಹೇಳಿ ಹೋಗಲಿಲ್ಲ. ಆ ಬೇಟೆಯ ದಿನ ನಾನು ನನ್ನ ಪಾಲಿನ ಮಾಂಸದ ಚೀಲ ಮನೆಗೆ ತಂದಿದ್ದೆ. ಹೆಂಡತಿ ಕಾಯಿತುರಿ ಹಾಕಿ ಹುರಿದು ಸುಕ್ಕ ಮಾಡಿದಳು. ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡು ಉಂಡೆ.