ಹೆಬ್ಬೆರಳಿನ ತೂತು

ನಮ್ಮೂರು ಸಂಶಿಯ ನನ್ನ ವರ್ಕ್‌ಶಾಪಿನಲ್ಲಿ ಕುಂಟೆ, ಕೂರಿಗೆ, ಟ್ರ್ಯಾಕ್ಟರ್ ಬಂಪರ್ ಎಲ್ಲಕ್ಕೂ ತೂತು ಕೊರೆದಿದ್ದೇನೆ. ಯಾವ ತೂತೂ ನನ್ನ ನಿದ್ದೆ ಕೆಡಿಸಿರಲಿಲ್ಲ. ತಂಗಿ ಆ ಬೌಲಿಂಗ್ ಚೆಂಡು ತಂದು ಮೇಜಿನ ಮೇಲಿಟ್ಟಳು ನೋಡಿ, ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

ಕ್ರಿಕೆಟ್ಟಿನದಲ್ಲ. ಮೂರು ಬೆರಳು ತೂರಿಸಿ ಭಾರದ ಚೆಂಡನ್ನು ಉರುಳಿಸಿ ಗೂಟ ಬೀಳಿಸುವ ಆಟ. ಶಾಲೆಯ ಟೀಚರ್ ಆದ ತಂಗಿ ಭಾನುವಾರ ಹುಬ್ಬಳ್ಳಿಯ ಮಾಲಿಗೆ ಹೋಗಿ ಅದನ್ನು ಆಡುತ್ತಾಳೆ. ಸ್ಕೂಟಿಯಿಂದ ಬಿದ್ದಾಗ ಮುರಿದ ಅವಳ ಹೆಬ್ಬೆರಳಿನ ಗೆಣ್ಣು ಬಿಗಿದುಕೊಂಡಿದೆ. ಅಲ್ಲಿನ ಚೆಂಡಿನಲ್ಲಿ ಬೆರಳು ಸಿಕ್ಕಿ ಜೀವ ಹೋದಂತಾಗುತ್ತಿತ್ತು. ಅದಕ್ಕೇ ತೂತಿಲ್ಲದ ಚೆಂಡೊಂದನ್ನು ತರಿಸಿದ್ದಳು.

“ನನ್ನ ಕೈಗೆ ಹೊಂದೂವಂಗ ಕೊರದು ಕೊಡು ಅಣ್ಣಾ. ಇದೂ ಕೂಡಲಿಲ್ಲಂದ್ರ ಆಟಾನ ಬಿಟ್ಟುಬಿಡ್ತೀನಿ,” ಎಂದಳು. ವಾರವೆಲ್ಲ ಮಕ್ಕಳ ಜೊತೆ ಕೂಗಾಡುವವಳಿಗೆ ಇದ್ದದ್ದು ಅದೊಂದೇ ಖುಷಿ.

ಮೊಬೈಲಿನಲ್ಲಿ ವಿಡಿಯೋ ನೋಡಿದೆ. ತೂತನ್ನು ವಾಲಿಸಿ ಕೊರೆಯಬೇಕಂತೆ. ಒಬ್ಬ ಮುಂದಕ್ಕೆ ಅನ್ನುತ್ತಾನೆ, ಇನ್ನೊಬ್ಬ ಹಿಂದಕ್ಕೆ. ಅಲ್ರೀ, ದುಂಡನೆಯ ಚೆಂಡಿಗೆ ಮುಂದು ಯಾವುದು, ಹಿಂದು ಯಾವುದು?

ಕೊನೆಗೆ ಮಣ್ಣೆತ್ತು ಮಾಡುವ ಎರೆಮಣ್ಣು ನೆನಪಾಯಿತು. ಚೆಂಡಿನಷ್ಟೇ ದೊಡ್ಡ ಉಂಡೆ ಕಟ್ಟಿ ತಂಗಿಯ ಬೆರಳು ಊರಿಸಿದೆ. ಹೆಬ್ಬೆರಳು ತಾನಾಗಿಯೇ ಉಳಿದೆರಡು ಬೆರಳುಗಳ ಕಡೆಗೆ ವಾಲಿತು. “ಅಗದಿ ಗಟ್ಟಿ ಕುಂತೈತಿ ನೋಡು,” ಎಂದಳು. ಉಂಡೆ ಒಣಗಿದ ಮೇಲೆ ಅದೇ ಓರೆ ಹಿಡಿದು ಚೆಂಡು ಕೊರೆಯಲು ನಿಂತೆ. ಯಾಕೋ ಅನುಮಾನ.

“ಮೊದಲ ಮಣ್ಣಿಂದನ್ನ ಒಗದು ನೋಡು,” ಎಂದೆ.

ಶೇಂಗಾ ಹೊಟ್ಟಿನ ಚೀಲಗಳ ಕಡೆಗೆ ಕೈ ಬೀಸಿದಳು. ಉಂಡೆ ಬೆರಳು ಬಿಡಲಿಲ್ಲ. “ಯಪ್ಪಾ!” ಎಂದು ಹೆಬ್ಬೆರಳು ಹಿಡಿದು ಕುಳಿತುಬಿಟ್ಟಳು. ಉಂಡೆ ಅವಳ ಕಾಲ ಬಳಿಯೇ ಒಡೆದು ಬಿದ್ದಿತ್ತು.

“ಹಿಡಿಯಾಕ ಛಲೋ ಐತಿ, ಬಿಡಾಕ ಬರವಲ್ದಲ್ಲೋ ಅಣ್ಣಾ!”

ಹಾಗಾದರೆ ಹಿಡಿತ ಕೊಡುವ ಓರೆಯೇ ತಪ್ಪೇ? ಉಳಿದೆರಡು ಬೆರಳುಗಳಿಂದ ಆಚೆ ವಾಲಿಸಿದರೆ ಚೆಂಡು ಜಾರಿ ಬೀಳುವುದಿಲ್ಲವೇ? ಊಟಕ್ಕೆ ಕೂತಾಗಲೂ ನನ್ನ ಹೆಬ್ಬೆರಳನ್ನೇ ತಿರುಗಿಸಿ ನೋಡುತ್ತಿದ್ದೆ. “ಉಣ್ರಿ, ಬೆರಳೇನು ಓಡಿ ಹೋಗೂದಿಲ್ಲ,” ಎಂದಳು ಹೆಂಡತಿ.

ಮರುದಿನ ಉಳಿದೆರಡು ಬೆರಳಿನ ತೂತು ಕೊರೆದು, ದೇವರ ಮೇಲೆ ಭಾರ ಹಾಕಿ ಹೆಬ್ಬೆರಳಿನದನ್ನು ಆಚೆಗೇ ವಾಲಿಸಿ ಕೊರೆದೆ. ಸರಿ ಮಾಡಿದೆನೋ ಕೆಡಿಸಿಟ್ಟೆನೋ, ಕೊರೆದು ಮುಗಿದ ಮೇಲೂ ಗೊತ್ತಾಗಲಿಲ್ಲ.

ತಂಗಿ ಕೈ ಬೀಸಿದಳು. ಚೆಂಡು ಮೆತ್ತಗೆ ಬೆರಳು ಬಿಟ್ಟು ಹೋಗಿ ಚೀಲಗಳಿಗೆ ಬಡಿಯಿತು. ಅವಳು ನಿಂತಲ್ಲೇ ನಿಂತು ಹೆಬ್ಬೆರಳು ನೋಡಿಕೊಂಡಳು.

“ನೋವ ಆಗಲಿಲ್ಲೋ ಅಣ್ಣಾ,” ಎಂದಳು.

ನನ್ನ ಕಣ್ಣು ತುಂಬಿ ಬಂತು. ಅವಳಿಗೆ ಕಾಣಬಾರದೆಂದು ಚೆಂಡು ತರುವ ನೆವದಲ್ಲಿ ಆ ಕಡೆ ಹೋದೆ. ಅದು ಹೇಗೆ ಸರಿಹೋಯಿತೋ ನೋಡೋಣವೆಂದು ನನ್ನ ಬೆರಳು ತೂರಿಸಿದೆ. ಅವಳ ಬೆರಳಿನ ಅಳತೆಯ ತೂತಿನಲ್ಲಿ ನನ್ನ ಹೆಬ್ಬೆರಳು ಗೆಣ್ಣಿನಾಚೆ ಹೋಗಲೇ ಇಲ್ಲ. ನಾನೇ ಕೊರೆದ ಚೆಂಡನ್ನು ಎರಡೂ ಕೈಯಲ್ಲಿ ಅವಚಿಕೊಂಡು ತಂದು ಅವಳಿಗೆ ಕೊಟ್ಟೆ.