ಕೊಠಡಿ ಎರಡರ ಕೇಳಿಸ್ತಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಿಶ್ವವಿದ್ಯಾಲಯದ ಹಿಂಬದಿಯ ಕಟ್ಟಡದಲ್ಲಿ ಒಂದೇ ಒಂದು ಕಿಟಕಿಯಲ್ಲಿ ದೀಪ ಉರಿಯುತ್ತಿದೆ. ಒಳಗೆ ನಲವತ್ತು ದಾಟಿದ ಹೆಂಗಸೊಬ್ಬರು ಸ್ವೆಟರಿನ ತೋಳಿನಿಂದ ಕ್ಯಾಮೆರಾದ ಕಣ್ಣೊರೆಸುತ್ತಿದ್ದಾರೆ. ಕಂಪ್ಯೂಟರುಗಳನ್ನು ಒಂದೊಂದಾಗಿ ಎಬ್ಬಿಸುತ್ತಾರೆ. ಮೂಲೆಯದು ಏಳಲು ಮುನಿಸಿಕೊಳ್ಳುತ್ತದೆ. “ಇದು ನಮ್ಮನೆಯವರ ಥರ, ಎರಡು ಸಲ ತಟ್ಟಬೇಕು” ಎಂದು ತಮ್ಮ ಬಗ್ಗೆ ಬರೆಯಲು ಬಂದು ಬಾಗಿಲಲ್ಲಿ ನಿಂತ ನನಗೆ ಹೇಳಿ, ಅದರ ಬೆನ್ನಿಗೆ ತಟ್ಟುತ್ತಾರೆ. ಆಮೇಲೆ ಹೆಡ್‌ಫೋನ್ ಏರಿಸಿಕೊಂಡು ಖಾಲಿ ಕೋಣೆಯನ್ನು ಕೇಳುತ್ತಾರೆ: “ಕೇಳಿಸ್ತಾ?”



ಆನ್‌ಲೈನ್ ತರಗತಿಗಳ ಈ ಸಹಾಯಕಿಯನ್ನು ಇಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ದಿನವೂ “ಕೇಳಿಸ್ತಾ ಅಕ್ಕಾ?” ಎಂದು ಕೂಗುವ ಮೇಷ್ಟ್ರುಗಳ ಬಾಯಲ್ಲಿ ಸವೆದು ಸವೆದು ಆಕೆ ‘ಕೇಳಿಸ್ತಕ್ಕ’ ಆಗಿದ್ದಾರೆ. ವ್ಯಾಕರಣದವರು ಇದನ್ನು ಲೋಪಸಂಧಿ ಎನ್ನಬಹುದು. ಇಲ್ಲಿ ಲೋಪವಾಗಿರುವುದು ಆಕೆಯ ಹೆಸರು.

ಲಿಂಕ್ ತೆರೆಯುವುದು, ಹೊರಗೆ ಕಾಯುವ ವಿದ್ಯಾರ್ಥಿಗಳನ್ನು ಒಳಗೆ ಬಿಡುವುದು, ತಲೆಕೆಳಗಾದ ಸ್ಲೈಡುಗಳನ್ನು ನೆಟ್ಟಗೆ ಮಾಡುವುದು ಇವರ ಕೆಲಸ. ಸ್ಲೈಡ್ ಎಂದರೆ ಜಾರುವುದು ತಾನೆ? ಮೇಷ್ಟ್ರುಗಳ ಕೈಯಿಂದ ಜಾರಿದ್ದನ್ನೆಲ್ಲ ಇವರು ಹಿಡಿಯುತ್ತಾರೆ. ದಿನಕ್ಕೆ ಹತ್ತು ಹನ್ನೊಂದು ತರಗತಿ. ಅರ್ಥಶಾಸ್ತ್ರದ ಮೇಡಂ ಕನ್ನಡಕ ಮೂಗಿನ ತುದಿಗೆ ಇಳಿಸಿ, “ಕಾಣ್ತಿದೆಯಾ? ಈಗ? ಈಗ? ಈಗಲಾದ್ರೂ?” ಎನ್ನುವುದನ್ನು ಕೇಳಿಸ್ತಕ್ಕ ಥೇಟು ಅವರಂತೆಯೇ ಮಾಡಿ ತೋರಿಸುತ್ತಾರೆ. ಇತಿಹಾಸದ ಸರ್ ಅಂತೂ ಇನ್ನೊಂದು ಕೈ ಮೇಲು. “ಮ್ಯೂಟಲ್ಲೇ ಇಡೀ ಒಂದು ಯುದ್ಧ ಮುಗಿಸಿಬಿಟ್ಟಿದ್ರು. ಸರ್, ದಯವಿಟ್ಟು ಮೊದಲಿಂದ ಹೋರಾಡಿ ಅಂತ ನಾನೇ ಹೇಳ್ಬೇಕಾಯ್ತು.”

ಮನೆಯಲ್ಲೂ ಅದೇ ಮಾತು. ಅತ್ತೆಗೆ ಕಿವಿ ಮಂದ. “ಅಲ್ಲೂ ಕೇಳಿಸ್ತಾ, ಇಲ್ಲೂ ಕೇಳಿಸ್ತಾ. ನಮ್ಮತ್ತೆ ಏನಂತಾರೆ ಗೊತ್ತಾ? ನೀನು ಮೆತ್ತಗೆ ಬೈದಾಗ ಮಾತ್ರ ಚೆನ್ನಾಗಿ ಕೇಳಿಸತ್ತೆ ಅಂತಾರೆ.” ಗಂಡ ಗೋದಾಮಿನ ರಾತ್ರಿ ಕಾವಲುಗಾರ. ಆತ ಬಂದು ಬೀಗದ ಕೈ ಇಸಿದುಕೊಳ್ಳುವ ಹೊತ್ತಿಗೆ ಈಕೆ ಚಪ್ಪಲಿ ಮೆಟ್ಟಿರುತ್ತಾರೆ. ಗಂಡ ಹೆಂಡತಿಯ ಮಾತೆಲ್ಲ ಹೊಸ್ತಿಲ ಮೇಲೆಯೇ ಮುಗಿಯುತ್ತದೆ. ಇನ್ನು ಕೆಲಸದ ಜಾಗದಲ್ಲಿ ದಿನವಿಡೀ ಕಿವಿತುಂಬ ದನಿಗಳು, ಎದುರಿಗೆ ಒಬ್ಬರೂ ಇಲ್ಲ.

ಬೆಳಗಿನ ಮೊದಲ ಪಾಠ ಭೂವಿಜ್ಞಾನ. ನಿವೃತ್ತರಾದ ಮೇಲೂ ಮನೆಯಿಂದಲೇ ಕಲಿಸುವ ಆ ಮೇಷ್ಟ್ರಿಗೆ ‘ಕಲ್ಲು ಸರ್’ ಎಂದು ಹೆಸರು. ವಿದ್ಯಾರ್ಥಿಗಳು ಕ್ಯಾಮೆರಾ ಹಾಕುವುದಿಲ್ಲ, ಬರೀ ಕಪ್ಪು ಚೌಕಗಳು. ಕಳೆದ ವರ್ಷ ಒಂದು ದಿನ ಅವರು ಪಾಠದ ನಡುವೆ ನಿಲ್ಲಿಸಿ, “ಕಲ್ಲಿನ ಜೊತೆ ಮಾತಾಡಿ ನನಗೆ ರೂಢಿ ಇದೆ. ಈ ಕತ್ತಲೆ ಜೊತೆ ಆಗಲ್ಲಪ್ಪ. ಸಾಕು ಮಾಡ್ತೀನಿ” ಎಂದರು. ಅದೇ ಹೊತ್ತಿಗೆ ಕೇಳಿಸ್ತಕ್ಕ ಮುಂದಿನ ತರಗತಿಗೆಂದು ಕ್ಯಾಮೆರಾ ಪರೀಕ್ಷಿಸುತ್ತಿದ್ದರು. ತಪ್ಪಿ ಇದೇ ಪಾಠದೊಳಗೆ ಆಕೆಯ ಮುಖ ಮೂಡಿತು, ಬಾಯಲ್ಲಿ ಹೇರ್‌ಪಿನ್ ಕಚ್ಚಿಕೊಂಡೇ.

“ಬನ್ನಿ ಅಮ್ಮ” ಎಂದರು ಕಲ್ಲು ಸರ್, ಮನೆಗೆ ನೆಂಟರು ಬಂದಂತೆ. “ಇಲ್ಲೀವರೆಗೆ ಅರ್ಥ ಆಯ್ತಾ?”

“ಹೆದರಿ ತಲೆ ಆಡಿಸಿಬಿಟ್ಟೆ” ಎನ್ನುತ್ತಾರೆ ಕೇಳಿಸ್ತಕ್ಕ. “ನನ್ನ ಚೌಕದ ಕೆಳಗೆ ‘ಕೊಠಡಿ ಎರಡು’ ಅಂತಿತ್ತು. ಅದು ಹಾಸ್ಟೆಲ್ ನಂಬರ್ ಅಂದ್ಕೊಂಡ್ರು. ಈ ವಯಸ್ಸಲ್ಲಿ ಓದೋಕೆ ಬಂದಿದ್ದೀರಲ್ಲ ಅಂತ ಮೆಚ್ಕೊಂಡ್ರು. ಅಲ್ಲ ಸರ್ ಅನ್ನೋಕೆ ಬಾಯಿ ಬರಲಿಲ್ಲ. ಪಾಪ, ಮತ್ತೆ ಶುರು ಮಾಡಿದ್ರಲ್ಲ.”

ಅಂದಿನಿಂದ ಆ ಒಂದು ಪಾಠಕ್ಕೆ ಆಕೆ ತಲೆ ಬಾಚಿ, ಕ್ಯಾಮೆರಾ ಹಾಕಿ ಕೂರುತ್ತಾರೆ. ಮೇಷ್ಟ್ರು ಮುಖ ಕೊಟ್ಟು ಮಾತಾಡಲು ಒಂದು ಮುಖ ಬೇಕು, ಅದನ್ನು ಈಕೆ ಕೊಡುತ್ತಾರೆ. ಸಂಬಳದ ಕೆಲಸ ಅಲ್ಲ ಇದು. “ಅಲ್ಲ, ನನ್ನನ್ನ ನೋಡಿ ಮಾತಾಡೋರು ದಿನಕ್ಕೆ ಅವರೊಬ್ಬರೇ” ಎಂದವರು ತಕ್ಷಣ ಮೌಸ್ ಒರೆಸಲು ತೊಡಗುತ್ತಾರೆ.

ಆದರೆ ಸೋಮವಾರದಿಂದ ಹೊಸ ವ್ಯವಸ್ಥೆ. ತರಗತಿ ತಾನೇ ತೆರೆದುಕೊಳ್ಳುತ್ತದೆ, ವಿದ್ಯಾರ್ಥಿಗಳನ್ನು ತಾನೇ ಒಳಗೆ ಬಿಡುತ್ತದೆ. ಸಿಬ್ಬಂದಿ ಪಾಠದೊಳಗೆ ಇರುವಂತಿಲ್ಲ. ಕೇಳಿಸ್ತಕ್ಕನಿಗೆ ಧ್ವನಿಮುದ್ರಣದಿಂದ ಮೇಷ್ಟ್ರುಗಳ ಕೆಮ್ಮು ಕತ್ತರಿಸುವ ಕೆಲಸ. ಇವತ್ತು ಶುಕ್ರವಾರ, ಕಲ್ಲು ಸರ್ ಜೊತೆ ಕೊನೆಯ ಪಾಠ. ಹೇಳದೆ ಮಾಯವಾದರೆ ಸರ್ ಮತ್ತೆ ಕತ್ತಲೆಯಲ್ಲಿ ತಡಕಾಡುತ್ತಾರೆ. ಹೇಳಿದರೆ ಒಂದು ವರ್ಷದ ಸುಳ್ಳು ಬಯಲಾಗುತ್ತದೆ. “ಬೈದ್ರೆ ಬೈಲಿ. ಪಾಠ ಬಿಟ್ಟುಬಿಟ್ರೆ ಏನು ಮಾಡೋದು?”

ಪಾಠ ಮುಗಿಯುತ್ತದೆ. ಕಪ್ಪು ಚೌಕಗಳು ಒಂದೊಂದಾಗಿ ಆರುತ್ತವೆ. ಪರದೆಯ ಮೇಲೆ ಇಬ್ಬರೇ ಉಳಿಯುತ್ತಾರೆ.

“ಸರ್, ನಾನು ವಿದ್ಯಾರ್ಥಿನಿ ಅಲ್ಲ. ಲಿಂಕ್ ತೆರೆಯೋ ಸಿಬ್ಬಂದಿ. ಸೋಮವಾರದಿಂದ ನಾನಿರಲ್ಲ.”

ಕಲ್ಲು ಸರ್ ಕನ್ನಡಕ ತೆಗೆಯುತ್ತಾರೆ. “ಹಾಗಾದ್ರೆ ತಲೆ ಆಡಿಸ್ತಿದ್ದದ್ದು?”

“ಕೆಲವು ಅರ್ಥ ಆಗಿದೆ ಸರ್. ಮರಳು ಒತ್ತಿ ಒತ್ತಿ ಕಲ್ಲಾಗೋದು, ಅದು. ಮಿಕ್ಕಿದ್ದು ಸುಮ್ನೆ ಆಡಿಸಿದೆ.”

“ಅರ್ಥ ಆಗ್ಲಿಲ್ಲ ಅಂತ ಹೇಳ್ಬಾರದಾಗಿತ್ತಾ ಅಮ್ಮ? ಮತ್ತೆ ಮಾಡ್ತಿದ್ದೆ.”

“ಮಕ್ಕಳಿದ್ದಾರೆ ಸರ್. ಕಾಣಲ್ಲ, ಆದರೆ ಕೇಳಿಸ್ಕೊಳ್ತಾರೆ. ಒಳಗೆ ಬಿಡೋಳು ನಾನೇ, ನನಗೆ ಗೊತ್ತು. ಪಾಠ ಬಿಡಬೇಡಿ.”

“ನೋಡೋಣ” ಎನ್ನುತ್ತಾರೆ ಅವರು. ಪರದೆ ಆರುತ್ತದೆ.

ಕೇಳಿಸ್ತಕ್ಕ ಹೆಡ್‌ಫೋನ್ ಕೊರಳಿಗೆ ಇಳಿಸುತ್ತಾರೆ. ಪಕ್ಕದ ಕಂಪ್ಯೂಟರಿನಿಂದ ಅರ್ಥಶಾಸ್ತ್ರದ ಮೇಡಂ ಆಗಲೇ ಕರೆಯುತ್ತಿದ್ದಾರೆ. ಆಕೆ ಅತ್ತ ತಿರುಗುವುದಿಲ್ಲ.

“ಕೇಳಿದ್ರಲ್ಲ?” ಎನ್ನುತ್ತಾರೆ ನನ್ನ ಕಡೆ ನೋಡಿ. “ನನಗೋಸ್ಕರ ಪಾಠ ಮತ್ತೆ ಮಾಡ್ತಿದ್ರಂತೆ.”