ಕಿವಿಯಣ್ಣ ಬರೆಸಿದ ಸೊನ್ನೆ

ಗಡಿಯಾರ ರಿಪೇರಿ ಮಾಡುವವನಿಗೆ ಕಿವಿಯಣ್ಣ ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ. ಗಿರಾಕಿ ಕೊಟ್ಟ ಗಡಿಯಾರದ ಮುಚ್ಚಳ ತೆಗೆಯುವ ಮೊದಲೇ ಅದನ್ನು ಕಿವಿಗೆ ಹಿಡಿದು, "ಒಳಗೊಂದು ಚಕ್ರದ ಹಲ್ಲು ಸವೆದಿದೆ, ಗುರುವಾರ ಬನ್ನಿ" ಅಂದುಬಿಡುತ್ತಿದ್ದ. ಬಿಚ್ಚಿ ನೋಡಿದರೆ ಹಾಗೆಯೇ ಇರುತ್ತಿತ್ತು. ಇಬ್ಬರು ಕೂತರೆ ಮೂರನೆಯವನು ಒಂಟಿ ಕಾಲಲ್ಲಿ ನಿಲ್ಲಬೇಕಾದ ಆ ಪುಟ್ಟ ಅಂಗಡಿಯಲ್ಲಿ ನಲವತ್ತು ವರ್ಷ ಕಳೆದ ಮನುಷ್ಯ ಅವನು.

ಭಾನುವಾರ ಮಾತ್ರ ಅಂಗಡಿಗೆ ಬೀಗ. ಅಂದು ಅವನು ಕೆರೆಯ ಪಾಲು. ಅಂಗಡಿಯ ಹಿಂದೆಯೇ ಕೆರೆ, ಕೆರೆಯ ದಂಡೆಯಲ್ಲೇ ಭಾನುವಾರದ ರೈತರ ಸಂತೆ. ಇಪ್ಪತ್ತು ವರ್ಷದ ಹಿಂದೆ ಐದಾರು ಜನ ಸೇರಿ ಅಲ್ಲಿ ಪ್ಲಾಸ್ಟಿಕ್ ಹೆಕ್ಕಲು ಶುರು ಮಾಡಿದ್ದು, ಈಗ ನಲವತ್ತು ಜನರ ಗುಂಪಾಗಿದೆ. ಕೆಲವರು ಕಸ ಹೆಕ್ಕುತ್ತಾರೆ, ಕೆಲವರು ಗಿಡಗಳಿಗೆ ಪಾತಿ ಮಾಡುತ್ತಾರೆ, ಕೆಲವರು ಬರೀ ಫೋಟೊ ತೆಗೆಸಿಕೊಳ್ಳುತ್ತಾರೆ. ಇರಲಿ ಬಿಡಿ, ಅವರೂ ಬೇಕು. ಕಿವಿಯಣ್ಣನ ಕೆಲಸ ಹಕ್ಕಿ ಎಣಿಸುವುದು, ಅದರಲ್ಲೂ ಜೊಂಡಿನ ಮೂಲೆಯ ಸೀಟಿಹಕ್ಕಿಯನ್ನು ಎಣಿಸುವುದು.

ಈ ಸೀಟಿಹಕ್ಕಿ ಮಹಾ ನಾಚಿಕೆಯ ಪ್ರಾಣಿ. ಮುಷ್ಟಿಯೊಳಗೆ ಅಡಗುವಷ್ಟು ಸಣ್ಣದು, ಕೆಸರಿನ ಬಣ್ಣ, ಜೊಂಡು ಬಿಟ್ಟು ಈಚೆ ತಲೆ ಹಾಕುವುದಿಲ್ಲ. ಅದು ಇದೆಯೆಂದು ತಿಳಿಯಬೇಕಾದರೆ ಕೂಗನ್ನೇ ಕೇಳಬೇಕು. ಮೂರು ಗಿಡ್ಡ ಸೀಟಿ, ಆಮೇಲೆ ಒಂದು ಉದ್ದ, ನೂಲೆಳೆಯಷ್ಟು ತೆಳು. ಕಿವಿಯಣ್ಣ ಜೊಂಡಿನ ಅಂಚಿಗೆ ಹೋಗಿ, ಕಣ್ಣು ಮುಚ್ಚಿ, ಎಷ್ಟು ಕೇಳಿಸಿತೋ ಅಷ್ಟು ಬೆರಳು ಎತ್ತುತ್ತಿದ್ದ. ಹಿಂದೆ ನಿಂತವರು ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಉಳಿದವರು ಕೆಮ್ಮು ಬಂದರೂ ನುಂಗಿಕೊಳ್ಳಬೇಕು. ಯಾರಾದರೂ ತಾವೂ ಕೇಳುತ್ತೇವೆಂದರೆ ಉಳಿದವರೇ ಗದರುತ್ತಿದ್ದರು, "ಕಿವಿಯಣ್ಣ ಇದ್ದಾರಲ್ಲ, ನಿನ್ನ ಕಿವಿ ಯಾರಿಗೆ ಬೇಕು?" ಇದನ್ನು ಕೇಳಿ ಅವನು ಒಳಗೊಳಗೇ ಉಬ್ಬುತ್ತಿದ್ದ. ಆ ಕೂಗನ್ನು ಬೇರೆಯವರಿಗೆ ಕಲಿಸುವ ಗೋಜಿಗೆ ಹೋಗಲೇ ಇಲ್ಲ.

ಸಂತೆ ಬೆಳೆಯಿತು, ಗಾಡಿಗಳು ಹೆಚ್ಚಾದವು. ಸಂತೆಯ ಕಾರ್ಯದರ್ಶಿಯ ಕಣ್ಣು ಜೊಂಡಿನ ಮೂಲೆಯ ಮೇಲೆ ಬಿತ್ತು. ಮಾತಿಗೆ ಮಾತು ಬೆಳೆದು, ಕೊನೆಗೆ ಒಂದು ಕರಾರಾಯಿತು: ಪುಸ್ತಕದಲ್ಲಿ ಸೀಟಿಹಕ್ಕಿ ಇರುವ ತನಕ ಜೊಂಡಿಗೆ ಕೈ ಹಚ್ಚುವಂತಿಲ್ಲ, ಸತತ ಮೂರು ವರ್ಷ ಸೊನ್ನೆ ಬಂದರೆ ಕಡಿದು ಗಾಡಿ ನಿಲ್ಲಿಸಲು ಜಾಗ ಮಾಡಬಹುದು. ಹೀಗೊಂದು ಕರಾರು ಮಾಡೋಣ ಎಂದವನು ಕಿವಿಯಣ್ಣನೇ. "ಹಕ್ಕಿನೇ ಇಲ್ದಿದ್ಮೇಲೆ ಜೊಂಡು ಇಟ್ಕೊಂಡು ಏನ್ಮಾಡೋದು?" ಅಂದಿದ್ದ. ಅಂಥ ದಿನ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಬಂತು. ಮೂರು ವರ್ಷ, ಒಂದು ಭಾನುವಾರವೂ ತಪ್ಪದೆ ಹೋಗಿ ನಿಂತ, ಒಂದು ದಿನವೂ ಸೀಟಿ ಕೇಳಲಿಲ್ಲ. ಮನೆಗೆ ಬಂದು ಊಟ ಮುಟ್ಟದೆ ಮಲಗುತ್ತಿದ್ದ. "ಹಕ್ಕಿಗೋಸ್ಕರ ಉಪವಾಸ ಮಾಡೋ ಗಂಡನ್ನ ನಾನೊಬ್ಬಳೇ ನೋಡಿರೋದು" ಎಂದು ಹೆಂಡತಿ ಗೊಣಗುತ್ತಿದ್ದಳು. ಹೋದ ವಾರ ಮೂರನೇ ವರ್ಷದ ಕೊನೆಯ ಸೊನ್ನೆ ಬರೆಸಿ, ಕೆಳಗೆ ರುಜು ಹಾಕಿ, ಯಾರಿಗೂ ಮುಖ ತೋರಿಸದೆ ಹೊರಟುಹೋಗಿದ್ದ.

ಈ ಭಾನುವಾರ ಬೆಳಗ್ಗೆ ಏಳಕ್ಕೇ ಕುಡುಗೋಲುಗಳು ಇಳಿದವು. ಕಡಿಯುವವರು ಹೊರಗಿನವರಲ್ಲ, ಕೆರೆಯ ಗುಂಪಿನವರೇ. ಕಡಿದ ಜೊಂಡು ರೈತರ ಗೊಬ್ಬರದ ಗುಂಡಿಗಾಗುತ್ತದೆಂದು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು. ಕಿವಿಯಣ್ಣ ಬಂದದ್ದು ಒಂಬತ್ತಕ್ಕೆ. ಅಷ್ಟರಲ್ಲಿ ಅರ್ಧ ಮೂಲೆ ಬೋಳಾಗಿತ್ತು. ಸೊಪ್ಪು ಮಾರುವ ಹೆಂಗಸೊಬ್ಬಳು ಅಂದು ಹೊಸದಾಗಿ ಆ ಕಡೆಗೆ ಗುಡ್ಡೆ ಹಾಕಿಕೊಂಡಿದ್ದಳು. ಅವಳ ಸ್ಟೂಲಿನ ಮೇಲೆ, ಸಾವಿನ ಮನೆಗೆ ಬಂದವನ ಹಾಗೆ ಕೂತ.

"ಅಣ್ಣಾ, ನೀವು ಕೆರೆಯವ್ರಲ್ವಾ? ಇದರ ಬಾಯಿ ಹೇಗೆ ಮುಚ್ಸೋದು ಹೇಳಿ. ಬೆಳಗ್ಗಿಂದ ತಲೆ ತಿಂತಿದೆ" ಎಂದಳು ಸೊಪ್ಪಿನಕ್ಕ.

"ಯಾವುದಕ್ಕಾ?"

"ಅಯ್ಯೋ, ಈಗ ಕೂಗ್ತಲ್ಲ, ಜೊಂಡಿನೊಳಗಿಂದ! ಕೇಳಿಸ್ಲಿಲ್ವಾ?"

ಅವನು ಕಿವಿ ನಿಮಿರಿಸಿದ. ಕುಡುಗೋಲಿನ ಸರಕ್ ಸರಕ್, ತಕ್ಕಡಿಯ ಸದ್ದು, ಜನರ ಗಲಾಟೆ. ಬೇರೇನೂ ಇಲ್ಲ. ಅವನ ಪೆಚ್ಚು ಮುಖ ನೋಡಿ ಅವಳಿಗೆ ನಗು ಬಂತು. ತುಟಿ ಚೂಪು ಮಾಡಿ ಹಾಗೆಯೇ ಕೂಗಿ ತೋರಿಸಿದಳು. ಮೂರು ಗಿಡ್ಡ. ಒಂದು ಉದ್ದ.

ಕಿವಿಯಣ್ಣ ಥಟ್ಟನೆ ಅವಳ ಕಡೆ ತಿರುಗಿದ.

"ಯಾರು ಹೇಳ್ಕೊಟ್ರು ನಿಂಗೆ? ತಮಾಷೆ ಮಾಡ್ಬೇಡ, ಇವತ್ತು ಬೇಡ."

"ಯಾರು ಹೇಳ್ಕೊಡ್ತಾರೆ ಅಣ್ಣಾ? ಅಗೋ, ಮತ್ತೆ ಕೂಗ್ತು! ಅಗೋ, ಆ ಕಡೆಯಿಂದ ಇನ್ನೊಂದು!" ಅವಳ ಬೆರಳು ಜೊಂಡಿನ ಒಂದೊಂದು ಕಡೆಗೆ ಹೋಗುತ್ತಿತ್ತು. ಅವನಿಗೆ ಬೆರಳು ಕಾಣುತ್ತಿತ್ತು, ಅಷ್ಟೇ.

ದಡಬಡಿಸಿ ಎದ್ದ. ಸ್ಟೂಲು ಉರುಳಿತು. ಕೈಯ ಗಡಿಯಾರ ಬಿಚ್ಚಿ ಬಲಗಿವಿಗೆ ಹಿಡಿದ, ಎಡಗಿವಿಗೆ ಹಿಡಿದ. ದಿನಾ ಬೆಳಗ್ಗೆ ತಾನೇ ಕೀಲಿ ಕೊಡುವ ಗಡಿಯಾರ. ಕಣ್ಣೆದುರೇ ಸೆಕೆಂಡಿನ ಮುಳ್ಳು ಓಡುತ್ತಿದೆ, ಸದ್ದು ಮಾತ್ರ ಇಲ್ಲ. ಅಯ್ಯೋ ದೇವರೇ! ಎಷ್ಟು ವರ್ಷವಾಗಿತ್ತು ಅವನು ಗಡಿಯಾರವನ್ನು ಕಿವಿಗೆ ಹಿಡಿದು! ಈಗ ಬರುವುದೆಲ್ಲ ಬ್ಯಾಟರಿಯವು, ಬ್ಯಾಟರಿ ಬದಲಿಸಲು ಕಿವಿ ಯಾಕೆ ಬೇಕು? ಕರೆದರೆ ಕೇಳಿಸುವುದಿಲ್ಲವೆಂದು ಹೆಂಡತಿ ಬಯ್ಯುತ್ತಿದ್ದಳು, ನಿಜ. ಯಾವ ಮನೆಯ ಹೆಂಡತಿ ಬಯ್ಯುವುದಿಲ್ಲ ಹೇಳಿ? ಅವನು ಅದನ್ನು ಹಾಗೆಂದೇ ತಿಳಿದಿದ್ದ.

"ನಿಲ್ಸಿ! ನಿಲ್ಸ್ರಪ್ಪಾ, ಕೈ ಮುಗೀತೀನಿ!" ಎಂದು ಕೂಗುತ್ತಾ ಕೆಸರಿಗೇ ಇಳಿದ. ಕುಡುಗೋಲುಗಳು ನಿಂತವು. ಪುಸ್ತಕ ಬರೆಯುವ ಟೀಚರಮ್ಮ ಗಾಬರಿಯಿಂದ ಓಡಿಬಂದರು. ಹಿಂದೆ ಬರೆಯುತ್ತಿದ್ದವರು ಊರು ಬಿಟ್ಟ ಮೇಲೆ, ಮೂರು ವರ್ಷದಿಂದ ಆ ಕೆಲಸ ಅವರದು.

"ಟೀಚರಮ್ಮಾ, ನಿಮ್ಗೆ ಇಲ್ಲಿ ಸೀಟಿ ಕೇಳಿಸ್ತಾ ಇದ್ಯಾ?"

"ಹೂಂ, ಆ ಹುಳದ್ದು ತಾನೆ?"

"ಯಾವ ಹುಳ?"

"ಇಲ್ಲಿ ಯಾವಾಗ್ಲೂ ಕೂಗತ್ತಲ್ಲ, ಸಣ್ಣಗೆ. ಮೊದಲನೇ ದಿನ ನಾನೂ ಇದೇ ಹಕ್ಕಿ ಇರ್ಬೇಕು ಅಂದ್ಕೊಂಡೆ. ನೀವು ಸೊನ್ನೆ ಅಂದ್ರಿ. ನೀವೇ ಸೊನ್ನೆ ಅಂದ್ಮೇಲೆ ಅದು ಹುಳಾನೇ ಇರ್ಬೇಕಲ್ಲ."

"ಎಷ್ಟು ದಿನದಿಂದ ಕೇಳಿಸ್ತಿದೆ?"

"ಪ್ರತಿ ವಾರ" ಎಂದರು ಟೀಚರಮ್ಮ. ಹೇಳುತ್ತಲೇ ಅವರ ಮುಖದ ರಕ್ತ ಇಳಿದುಹೋಯಿತು. ಸುತ್ತ ನಿಂತವರಲ್ಲೂ ಒಬ್ಬೊಬ್ಬರೇ ತಲೆ ತಗ್ಗಿಸಿದರು. ಅವರೂ ಕೇಳಿದ್ದರು. ನಲವತ್ತು ಜೊತೆ ಒಳ್ಳೆಯ ಕಿವಿಗಳು, ಒಂದು ಜೊತೆ ಕೆಟ್ಟ ಕಿವಿಯನ್ನು ನಂಬಿಕೊಂಡು ಸುಮ್ಮನಿದ್ದವು.

ಕಾರ್ಯದರ್ಶಿ ಬಂದ. ಕೆಟ್ಟವನೇನಲ್ಲ, ಹಿರಿಯರ ಮಾನ ಉಳಿಸಲು ನೋಡಿದ. "ಇವತ್ತು ಹೊಸದಾಗಿ ಬಂದಿರ್ಬೇಕು ಬಿಡಿ, ಕಿವಿಯಣ್ಣಾವ್ರೇ. ಒಂದಿನ ಬಂದಿದ್ದಕ್ಕೆ ಕೆಲಸ ನಿಲ್ಸೋಕಾಗಲ್ಲ. ಮೂರು ವರ್ಷ ಇರ್ಲಿಲ್ಲ ಅಂತ ಪುಸ್ತಕ ಹೇಳತ್ತೆ. ರುಜು ನಿಮ್ದೇ."

ಹೂಂ ಅಂದಿದ್ದರೆ ಕಿವಿಯಣ್ಣನ ಹೆಸರು ಉಳಿಯುತ್ತಿತ್ತು. ಮಿಕ್ಕ ಜೊಂಡು ಮಧ್ಯಾಹ್ನದೊಳಗೆ ಹೋಗುತ್ತಿತ್ತು.

"ಪುಸ್ತಕ ಸುಳ್ಳು" ಎಂದ. ಮತ್ತೆ ಗಟ್ಟಿಯಾಗಿ, ಸಂತೆಗೆಲ್ಲ ಕೇಳುವಂತೆ ಹೇಳಿದ: "ಪುಸ್ತಕ ಸುಳ್ಳು ಕಣಪ್ಪಾ! ಹಕ್ಕಿ ಎಲ್ಲೂ ಹೋಗಿರ್ಲಿಲ್ಲ. ಹೋಗಿದ್ದು ನನ್ನ ಕಿವಿ."

ಯಾರೋ ತಮಾಷೆಯೆಂದುಕೊಂಡು ನಕ್ಕರು, ಅವನ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ಕಾರ್ಯದರ್ಶಿ ಒಮ್ಮೆ ಪುಸ್ತಕ ನೋಡಿದ, ಒಮ್ಮೆ ಮಿಕ್ಕ ಜೊಂಡು ನೋಡಿದ. ಕೊನೆಗೆ, "ಹಾಗಾದ್ರೆ ಈಗಲೇ ಎಣಿಸಿ, ಎಲ್ರೆದುರಿಗೆ. ಇದ್ರೆ ಒಂದು ಕಡ್ಡಿನೂ ಮುಟ್ಟಲ್ಲ" ಎಂದ.

ಎಲ್ಲರೂ ಉಸಿರು ಬಿಗಿಹಿಡಿದರು. ಟೀಚರಮ್ಮ ಪುಸ್ತಕ ತೆರೆದು, ಅಭ್ಯಾಸಬಲದಿಂದ ಕಿವಿಯಣ್ಣನ ಬೆರಳು ನೋಡಿದರು. ಅವನು ಸೊಪ್ಪಿನಕ್ಕನ ಕಡೆ ಕೈ ತೋರಿಸಿ, ಜನರ ಮುಖಗಳನ್ನೇ ನೋಡುತ್ತಾ ನಿಂತ. ಇದ್ದಕ್ಕಿದ್ದಂತೆ ಅಷ್ಟೂ ಕಣ್ಣುಗಳು ಒಟ್ಟಿಗೆ ಒಂದೇ ಕಡೆ ತಿರುಗಿದವು. ಈಗ ಕೂಗಿರಬೇಕು ಎಂದುಕೊಂಡ.

"ಎರಡು" ಎಂದಳು ಸೊಪ್ಪಿನಕ್ಕ. ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಅವಳೊಬ್ಬಳು ತಟ್ಟಲಿಲ್ಲ. ಬೋಳಾದ ಅರ್ಧದ ಕಡೆ ನೋಡುತ್ತಾ ಮೆಲ್ಲಗೆ ಏನೋ ಅಂದಳು. ಅದೂ ಅವನಿಗೆ ಕೇಳಿಸಲಿಲ್ಲ.

"ಏನಂದಳು?" ಎಂದು ಟೀಚರಮ್ಮನನ್ನು ಕೇಳಿದ.

ಟೀಚರಮ್ಮ ತಡವರಿಸಿದರು. "ಬೆಳಗ್ಗೆ ಕಡಿಯೋಕೆ ಮುಂಚೆ ಏಳೆಂಟು ಕಡೆಯಿಂದ ಕೇಳ್ತಿತ್ತಂತೆ."

ಕಿವಿಯಣ್ಣ ಕೆಸರಿನಲ್ಲಿ ನಿಂತೇ ಇದ್ದ. "ಅದನ್ನೂ ಬರೀರಿ" ಎಂದ. "ಪಕ್ಕದಲ್ಲಿ ನನ್ನ ಹೆಸರು ಬರೀರಿ."